ಚಿತ್ರಕ್ಕೊಂದು ಕೋಟು

ನಮ್ಮವರೂ ಅವರ ಅಣ್ಣನೂ ಮಾತು ಬಿಟ್ಟ ಮೇಲೆ ನಮ್ಮ ಹೊಲಿಗೆ ಅಂಗಡಿಯ ನಟ್ಟನಡುವೆ ಒಂದು ಪ್ಲೈವುಡ್ ಗೋಡೆ ಎದ್ದಿತು. ಆ ಗೋಡೆಗೆ ಬಾಗಿಲಿರಲಿಲ್ಲ. ಬಾಗಿಲಿನ ಕೆಲಸವನ್ನು ನಾನು ಮಾಡುತ್ತಿದ್ದೆ.

ಜಗಳದ ಕಾರಣ ಹೇಳಿದರೆ ಯಾರಿಗಾದರೂ ನಗು ಬರುತ್ತದೆ. ಯಾರದೋ ಮದುವೆಯ ಕೋಟಿಗೆ ಒಂದು ತೋಳು ಗಿಡ್ಡವಾಯಿತು. ಪಾಪ, ಮದುಮಗ ಅಷ್ಟೂ ಫೋಟೋಗಳಲ್ಲಿ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತ. ನಮ್ಮ ಅಂಗಡಿಯಲ್ಲಿ ಕತ್ತರಿಸುವವರು ನಮ್ಮವರು, ಹೊಲಿಯುವವರು ಭಾವ. “ನಾನು ಕತ್ತರಿಸಿದ್ದು ಸರಿಯಾಗೇ ಇತ್ತು, ಅಣ್ಣ ಹೊಲಿಗೇಲಿ ಬಟ್ಟೆ ನುಂಗಿದ” ಎಂದು ಇವರು. “ಬಟ್ಟೆ ಬಿಟ್ಟಿದ್ರೆ ತಾನೇ ನುಂಗೋದು” ಎಂದು ಅವರು. ಮಾತಿಗೆ ಮಾತು ಬೆಳೆದು, ಕೊನೆಗೆ ಇಬ್ಬರಲ್ಲೂ ಮಾತೇ ಉಳಿಯಲಿಲ್ಲ.

ಗೋಡೆ ಬಂದ ಮೇಲೆ ಇಬ್ಬರೂ ಎರಡೂ ಕೆಲಸ ಮಾಡಬೇಕಾಯಿತು. ಇವರ ಕೋಟು ಮೈಗೆ ಸರಿಯಾಗಿ ಕೂರುತ್ತಿತ್ತು, ಹೊಲಿಗೆ ಮಾತ್ರ ಹುಣಸೆಹಣ್ಣು ಕಚ್ಚಿದವರ ಮುಖದ ಹಾಗೆ ಸುಕ್ಕು. ಭಾವನ ಹೊಲಿಗೆ ಇರುವೆ ಸಾಲಿನಷ್ಟು ನೇರ, ಆದರೆ ಒಂದು ಭುಜ ಮೇಲೆ, ಒಂದು ಭುಜ ಕೆಳಗೆ. ಬೀದಿಯಲ್ಲಿ ಯಾರಾದರೂ ಬರುತ್ತಿದ್ದರೆ ಗೋಡೆಯ ಯಾವ ಕಡೆಯ ಗಿರಾಕಿ ಎಂದು ನಾನು ದೂರದಿಂದಲೇ ಹೇಳುತ್ತಿದ್ದೆ. ಹಗಲು ಕೊರಿಯರ್ ಕಚೇರಿಯಲ್ಲಿ ಪಾರ್ಸೆಲ್ ವಿಂಗಡಿಸಿ, ಸಂಜೆ ಬಂದು ಎರಡೂ ಕಡೆಯ ಕೋಟುಗಳಿಗೆ ಕಾಜ ಹೊಲಿದು ಗುಂಡಿ ಹಾಕುವುದು ನನ್ನ ಪಾಲಿಗೆ ಬಂದಿತ್ತು. ಕಾಜದ ವಿಷಯದಲ್ಲಿ ನನ್ನನ್ನು ಬಿಟ್ಟರೆ ಇಬ್ಬರಿಗೂ ಗತಿ ಇರಲಿಲ್ಲ. “ಆ ಕಡೆಯೋರಿಗೆ ಹೇಳು, ದಾರದ ಡಬ್ಬಿ ನಂದು.” “ಈ ಕಡೆಯೋರಿಗೆ ಹೇಳಮ್ಮ, ಡಬ್ಬಿ ಅವನದು, ದಾರ ನಂದು.” ಗೋಡೆಯೋ ಕಡ್ಡಿಯಷ್ಟು ದಪ್ಪ. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು. ಆದರೂ ನಾನು ಬೀದಿಗಿಳಿದು, ಸುತ್ತಿ ಹೋಗಿ, ಹೇಳಿ ಬರಬೇಕಿತ್ತು.

ಇಂಥ ಮನೆಯಲ್ಲಿ ಹುಟ್ಟಿದ ಮಗಳು ಮನುಷ್ಯರ ಚಿತ್ರ ಬರೆಯುತ್ತೇನೆ ಎಂದಳು. ಎಲ್ಲರೂ ಅವಳನ್ನು ಮರಿ ಎಂದೇ ಕರೆಯುವುದು. ಆಗಷ್ಟೇ ಕಲಾಶಾಲೆಯ ಓದು ಮುಗಿಸಿದ್ದಳು.

“ಒಂದು ಬೆಟ್ಟ, ಒಂದು ಹೂವು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಇವರು ಕೇಳಿದರೆ, “ಬೆಟ್ಟ ಮುಖ ಸಿಂಡರಿಸಲ್ಲಪ್ಪ” ಎನ್ನುತ್ತಿದ್ದಳು.

ಫೋಟೋ ನೋಡಿ ಬರೆಯುವುದು ಅವಳಿಗೆ ಆಗದು. ಎದುರಿಗೆ ಜೀವಂತ ಮನುಷ್ಯ ಕೂರಬೇಕು, ಆಕಳಿಸಬೇಕು, ಕಾಲು ಜೋಮು ಹಿಡಿಯಿತು ಎಂದು ಗೊಣಗಬೇಕು. ಮೊದಲು ಜೀವದ ಗೆಳತಿಯನ್ನು ಕೂರಿಸಿದಳು. ಚಿತ್ರ ನೋಡಿದ ಗೆಳತಿ, “ನಾನು ಹೀಗಿದ್ದೀನಾ?” ಎಂದವಳು ಮತ್ತೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಬ್ಬ ಹುಡುಗ ಬಂದ. ಅವನ ಮೇಲೆ ಇವಳಿಗೆ ಮನಸ್ಸಿತ್ತು ಎಂಬುದು ನಾನು ಚಹಾ ಕೊಡಲು ಮೇಲೆ ಹೋದಾಗಲೆಲ್ಲ ಕಾಣುತ್ತಿತ್ತು. ಚಿತ್ರ ಮುಗಿಯುವ ಹೊತ್ತಿಗೆ ಪ್ರೀತಿಯೂ ಮುಗಿದಿತ್ತು. “ಏನಾಯ್ತೇ?” ಎಂದರೆ, “ಏನಿಲ್ಲ, ಕಿವಿ ನೋಡಿ ನೋಡಿ ಸಾಕಾಯ್ತು” ಎಂದಳು. ಬಣ್ಣ ಒಣಗುವ ಮುಂಚೆ ಅತ್ತದ್ದು ನನಗೆ ಗೊತ್ತು. ಕೇಳಲಿಲ್ಲ.

ಹೊರಗಿನವರು ಯಾರೂ ಸಿಗದಂತಾದ ಮೇಲೆ ಮನೆಯವರ ಸರದಿ ಬಂತು.

ಅಂಗಡಿ ಪಾಲಾದಾಗ ಗಿರಾಕಿಗಳು ಕೂರುವ ಉದ್ದ ಬೆಂಚನ್ನು ಇಬ್ಬರೂ ಬಿಟ್ಟುಕೊಡದೆ ಹೋದದ್ದಕ್ಕೆ, ನಾನೇ ಅದನ್ನು ಮನೆಗೆ ಹೊರಿಸಿದ್ದೆ. ಅದೀಗ ನೀರಿನ ಟ್ಯಾಂಕಿನ ಕೆಳಗಿರುವ ಮರಿಯ ಕೋಣೆಯಲ್ಲಿತ್ತು. ಭಾನುವಾರ ಬೆಳಿಗ್ಗೆ ಇವರು ತಾವೇ ಹೊಲಿದ ಬೂದು ಕೋಟು ತೊಟ್ಟು ಅದರ ಮೇಲೆ ಕೂರುತ್ತಿದ್ದರು.

“ಸ್ವಲ್ಪ ಎಡಕ್ಕೆ ಸರಿಯಪ್ಪ. ಮೊಣಕೈ ಒಳಗೆ.”

“ಯಾಕೆ, ಪಕ್ಕದಲ್ಲಿ ಯಾರು ಬರ್ತಾರೆ?”

“ಬೆಳಕು ಬರುತ್ತೆ.”

ವಾರದ ನಡುವೆ, ಇವರು ಅಂಗಡಿಯಲ್ಲಿದ್ದಾಗ, ಭಾವ ಹೊರಗಿನ ಮೆಟ್ಟಿಲು ಹತ್ತಿ ಸದ್ದಿಲ್ಲದೆ ಮೇಲೆ ಬರುತ್ತಿದ್ದರು. ಮದುವೆ ಮಾಡಿಕೊಳ್ಳದ ಮನುಷ್ಯ. ತಮ್ಮನ ಮೇಲೆ ಎಷ್ಟೇ ಮುನಿಸಿದ್ದರೂ ತಮ್ಮನ ಮಗಳೆಂದರೆ ಪ್ರಾಣ. ಅವರೂ ತಾವೇ ಹೊಲಿದ ಕಂದು ಕೋಟು ತೊಟ್ಟು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದರು.

“ಬಲಕ್ಕೆ ಸರಿ ದೊಡ್ಡಪ್ಪ.”

“ಇಡೀ ಬೆಂಚು ಖಾಲಿ ಇದೆಯಲ್ಲೇ ಮರಿ, ಮೂಲೇಲಿ ಯಾಕೆ ತುರುಕ್ತೀಯ?”

ಮುಗಿಯುವವರೆಗೆ ಕೂತವರಿಗೆ ಚಿತ್ರ ತೋರಿಸುವುದು ಅವಳ ಪದ್ಧತಿಯಲ್ಲ. ಒಂದು ರಜೆಯ ದಿನ ನಾನು ಚಹಾದ ಲೋಟ ಹಿಡಿದು ಹೋದಾಗ ನೋಡಿದೆ. ಕ್ಯಾನ್ವಾಸಿನ ಅರ್ಧದಲ್ಲಿ ಇವರು, ಉಳಿದರ್ಧದಲ್ಲಿ ಭಾವನ ಬೂಟು ಮೂಡುತ್ತಿತ್ತು. ಮರಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಲೋಟ ಇಟ್ಟು ಇಳಿದು ಬಂದೆ. ಬೆಕ್ಕಿಗೆ ಗಂಟೆ ಕಟ್ಟುವವಳು ಅವಳೇ ಆಗಿರುವಾಗ ನಾನ್ಯಾಕೆ ಮಿಯಾಂವ್ ಎನ್ನಲಿ?

ಆ ಚಿತ್ರ ಅವಳ ಅದೃಷ್ಟ ತೆರೆಯಿತು. ಹೊಸಬರ ಚಿತ್ರಗಳನ್ನು ತೂಗುಹಾಕುವ ಒಂದು ಗ್ಯಾಲರಿಯ ಒಡತಿ, ಎಲ್ಲರೂ ಮೇಡಂ ಎನ್ನುವವರು, ಬಂದು ನೋಡಿ, ಎದುರು ಗೋಡೆಯವರೆಗೆ ಹಿಂದಕ್ಕೆ ನಡೆದು, “ಇದು ಗ್ಯಾಲರಿಯ ನಡುಗೋಡೆಗೆ” ಎಂದರು. ಬೇರೆ ಹೊಸಬರ ಜೊತೆ ಮರಿಯ ಮೊದಲ ಪ್ರದರ್ಶನ ನಿಗದಿಯಾಯಿತು. ಚೆನ್ನಾಗಿ ನಡೆದರೆ ಮುಂದಿನ ವರ್ಷ ಅವಳೊಬ್ಬಳದೇ ದೊಡ್ಡ ಪ್ರದರ್ಶನ ಎಂದೂ ಹೇಳಿದರು.

ಉದ್ಘಾಟನೆಯ ಸಂಜೆ ಇಬ್ಬರಿಗೂ ಬೇರೆ ಬೇರೆ ಹೊತ್ತು ಹೇಳಿದ್ದೆ. ಇವರು ಮೊದಲು ಬಂದು ಹೋಗಲಿ, ಭಾವ ಆಮೇಲೆ ಬರಲಿ ಎಂದು. ಆದರೆ ಇವರು ಆ ಚಿತ್ರದ ಮುಂದೆ ಬೇರು ಬಿಟ್ಟವರಂತೆ ನಿಂತರು. “ಬನ್ರೀ, ಆ ಕಡೆ ಬೇರೆ ಚಿತ್ರ ಇವೆ” ಎಂದರೂ ಕದಲಲಿಲ್ಲ. ಅಷ್ಟರಲ್ಲಿ ಭಾವ ಬಂದರು. ಚಿತ್ರದ ಇನ್ನೊಂದು ಬದಿಯಲ್ಲಿ ನಿಂತರು. ಕ್ಯಾನ್ವಾಸಿನ ಮೇಲೆ ಇಬ್ಬರ ಮೊಣಕೈಗಳ ನಡುವೆ ಒಂದು ಬೆರಳು ಹೋಗುವಷ್ಟು ಜಾಗ, ಕೆಳಗೆ ಇಬ್ಬರ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು.

ಇವರು ಚಿತ್ರಕ್ಕೇ ಹೇಳಿದರು: “ಭುಜ ಬಿದ್ದಿದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕಣ್ಣಾರೆ ಕಂಡದ್ದು ಅವತ್ತೇ. ಭಾವನ ಕೈ ತಾನಾಗಿಯೇ ಭುಜಕ್ಕೆ ಹೋಯಿತು. ಅವರೂ ಚಿತ್ರಕ್ಕೇ ಹೇಳಿದರು: “ಬಗಲ ಹೊಲಿಗೆ ನೋಡು. ಕೋಟೋ, ಒಣಗಿದ ಹಾಗಲಕಾಯೋ.”

ಸುಳ್ಳಾಗಿದ್ದರೆ ನಗಬಹುದಿತ್ತು. ಮರಿ ಒಂದು ಸುಕ್ಕನ್ನೂ ಬಿಟ್ಟಿರಲಿಲ್ಲ. ಇವರ ತೋಳಿನುದ್ದಕ್ಕೂ ಎಳೆದೆಳೆದು ನಿಂತ ಹೊಲಿಗೆ, ಭಾವನ ಇಳಿದ ಬಲಭುಜ, ಅದನ್ನು ಮುಚ್ಚಿಕೊಳ್ಳಲು ಅವರು ಕತ್ತು ವಾಲಿಸುವ ರೀತಿ, ಎಲ್ಲವೂ ಇದ್ದವು.

ಅಷ್ಟರಲ್ಲಿ ಕತ್ತಿಗೆ ಶಾಲು ಸುತ್ತಿಕೊಂಡ ವಿಮರ್ಶಕರೊಬ್ಬರು ನಾಲ್ಕಾರು ಜನರನ್ನು ಹಿಂದೆ ಕಟ್ಟಿಕೊಂಡು ಬಂದರು. “ಮೈಗೆ ಒಗ್ಗದ ಈ ಉಡುಪು ಆಧುನಿಕ ಮನುಷ್ಯನ ಅಸ್ವಸ್ಥತೆಯ ಸಂಕೇತ” ಎಂದರು.

“ಯಾವುದ್ರೀ ಒಗ್ಗದ್ದು?” ಎಂದು ಇಬ್ಬರೂ ಒಟ್ಟಿಗೆ ತಿರುಗಿದರು. ಗೋಡೆ ಎದ್ದ ಮೇಲೆ ಅವರಿಬ್ಬರೂ ಜೊತೆಯಾಗಿ ಆಡಿದ ಮೊದಲ ಮಾತು ಅದು.

ವಿಮರ್ಶಕರು ಕಿವಿಗೆ ಹಾಕಿಕೊಳ್ಳಲಿಲ್ಲ. “ನೋಡಿ, ಅಕ್ಕಪಕ್ಕ ಕೂತಿದ್ದಾರೆ, ಒಟ್ಟಿಗೆ ಕೂತಿಲ್ಲ” ಎಂದರು. ನನ್ನ ಮೈ ಜುಮ್ಮೆಂದಿತು. ಈ ಮನುಷ್ಯನಿಗೆ ಏನೂ ಗೊತ್ತಿಲ್ಲ, ಆದರೂ ಹೇಳಿದ್ದು ನೂರಕ್ಕೆ ನೂರು ನಿಜ. ಮರುಕ್ಷಣವೇ ಅವರು ನಮ್ಮವರ ಕಡೆಗೂ ಭಾವನ ಕಡೆಗೂ ನೋಡಿ, “ಸ್ವಲ್ಪ ಪಕ್ಕಕ್ಕೆ ಸರೀತೀರಾ? ಚಿತ್ರ ಕಾಣ್ತಿಲ್ಲ” ಎಂದರು.

ಮನೆಗೆ ಬಂದ ಮೇಲೆ ಇವರು ಕೋಟು ಕಳಚಿ ಕುರ್ಚಿಯ ಮೇಲೆ ಎಸೆದರು. ಬಟ್ಟೆ ಎಸೆಯುವ ಮನುಷ್ಯರಲ್ಲ.

“ಆ ಸುಕ್ಕುಗಳನ್ನೆಲ್ಲ ಎಳೆದು ಸರಿ ಮಾಡು. ಅರ್ಧ ಗಂಟೆ ಕೆಲಸ.”

“ಅದು ಇಸ್ತ್ರಿ ಅಲ್ಲಪ್ಪ.”

“ಅವನ ಪಕ್ಕ ನನ್ನ ಕೂರಿಸೋ ಮುಂಚೆ ಕೇಳಬೇಕಿತ್ತೋ ಇಲ್ವೋ?”

ಮರಿ ಕೋಟನ್ನೆತ್ತಿ ಕುರ್ಚಿಯ ಬೆನ್ನಿಗೆ ಹಾಕಿದಳು. “ಕೇಳಬೇಕಿತ್ತು.”

“ಮತ್ತೆ?”

“ಕೇಳಿದ್ರೆ ಕೂರ್ತಿರಲಿಲ್ಲ ನೀನು.”

“ಅದಕ್ಕೇ ಕಣೇ ಕೇಳೋದು!”

ಅವಳಿಗೆ ಅದು ನಾಟಿತು. ಮುಖ ಕೆಂಪಾಯಿತು. ಆದರೆ ಬಗ್ಗಲಿಲ್ಲ. “ತಪ್ಪು ನಂದೇ ಅಪ್ಪ. ಆದ್ರೆ ಚಿತ್ರ ಮುಟ್ಟಲ್ಲ. ಇದುವರೆಗೂ ಬರೆದದ್ರಲ್ಲಿ ಸುಳ್ಳಿಲ್ಲದ್ದು ಅದೊಂದೇ. ಅದನ್ನೂ ತಿದ್ದಿದ್ರೆ ನಾಳೆಯಿಂದ ನಾನು ಕುಂಚ ಹಿಡಿಯೋದು ಯಾತಕ್ಕೆ?”

ಮಾರನೆಯ ದಿನ ಭಾವನೂ ಮೆಟ್ಟಿಲ ಬುಡಕ್ಕೆ ಬಂದು ಅದನ್ನೇ ಕೇಳಿದರು. “ಒಂದು ಭುಜ ಎತ್ತಿದ್ರೆ ಸಾಕು ಮರಿ, ಬಣ್ಣ ತಾನೆ.” ಅವರಿಗೂ ಅದೇ ಉತ್ತರ.

ಇಷ್ಟಕ್ಕೇ ನಿಂತಿದ್ದರೆ ಕಾಲವೇ ಮರೆಸುತ್ತಿತ್ತೇನೋ. ಗ್ಯಾಲರಿಯವರು ಅದೇ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಪೋಸ್ಟರ್ ಮಾಡಿದರು. ಪೋಸ್ಟರ್ ಅಂಟಿಸುವವನಿಗೆ ಊರೆಲ್ಲ ಬಿಟ್ಟು ನಮ್ಮ ಅಂಗಡಿಯ ಎದುರಿನ ಗೋಡೆಯೇ ಬೇಕಾಗಿತ್ತು.

“ಏನ್ ಮಾಸ್ಟ್ರೇ, ಅಣ್ಣ ತಮ್ಮ ಒಂದಾದ್ರಂತೆ? ಗೋಡೆ ಮೇಲೆ ಕಂಡ್ವಿ” ಎಂದು ಒಬ್ಬ ಗಿರಾಕಿ.

“ಹೌದಾ.”

“ಆ ಕೋಟು ಯಾರು ಹೊಲಿದದ್ದು ಮಾಸ್ಟ್ರೇ? ಅಲ್ಲ, ಯಾವ ಅಂಗಡಿಗೆ ಹೋಗಬಾರದು ಅಂತ ತಿಳ್ಕೊಳ್ಳೋಕೆ.”

ಗೋಡೆಯ ಆ ಕಡೆಯೂ ಇದೇ ಹಾಡು. ಎರಡೂ ಕಡೆಯ ಮೆಷಿನ್ನುಗಳು ಒಟ್ಟಿಗೆ ನಿಂತವು.

ಒಂದು ಸಂಜೆ ಕೆಲಸದಿಂದ ಬಂದಾಗ ಇವರು ಕಡುನೀಲಿ ಸೂಟಿನ ಬಟ್ಟೆಯ ಎರಡು ಉದ್ದ ಪಟ್ಟಿಗಳನ್ನು ನನ್ನ ಮಡಿಲಿಗೆ ಹಾಕಿದರು. “ಇದಕ್ಕೆ ಕಾಜ ಮಾಡ್ಕೊಡು. ಮೆಷಿನ್‌ಗೆ ಗವಸು.”

“ಮೆಷಿನ್ ಗವಸಿಗೆ ಇಷ್ಟೊಳ್ಳೆ ಬಟ್ಟೆನಾ?”

“ಮೆಷಿನ್ನೂ ಮನುಷ್ಯರ ಹಾಗೇ. ಮಾಡ್ಕೊಡು.”

ಪಟ್ಟಿಯನ್ನು ದೀಪಕ್ಕೆ ಹಿಡಿದೆ. ಮೂಲೆಯ ಓರೆ ಕತ್ತರಿ ನಮ್ಮವರದು. ಅದರ ಅಂಚಿನ ಹೊಲಿಗೆ ಇರುವೆ ಸಾಲು. ಕೇಳಲೇ? ಕೇಳಿದರೆ ಇವರು ಹಾಗೇ ಮುದುಡಿಬಿಡುತ್ತಾರೆ. ಹುತ್ತಕ್ಕೆ ಕೈ ಹಾಕುವುದೇಕೆ ಎಂದು ಬಾಯಿ ಮುಚ್ಚಿಕೊಂಡು, ನನ್ನ ಡಬ್ಬಿಯ ತಳದಲ್ಲಿದ್ದ ರೇಷ್ಮೆ ದಾರ ತೆಗೆದು, ಮದುವೆಯ ಕೋಟಿಗೂ ಮಾಡದಷ್ಟು ಬಿಗಿಯಾದ ಕಾಜಗಳನ್ನು ಮಾಡಿಕೊಟ್ಟೆ. ಅಣ್ಣತಮ್ಮಂದಿರು ಒಂದು ಗವಸಿನ ನೆಪದಲ್ಲಾದರೂ ಒಂದಾಗಲಿ ಎಂದು.

ನನ್ನ ರಜೆಯ ದಿನ ಮೇಡಂ ಮರಿಗೆ ಫೋನ್ ಮಾಡಿದರು. “ಎಂಥ ಯೋಚನೆ ನಿಂದು! ನಂಗೂ ಒಂದು ಮಾತು ಹೇಳ್ದೆ! ಬೇಗ ಬಾ, ಕಾಲಿಡೋಕೆ ಜಾಗ ಇಲ್ಲ.”

ಮರಿಗೆ ತಲೆಬುಡ ತಿಳಿಯಲಿಲ್ಲ. ಇಬ್ಬರೂ ಓಡಿದೆವು.

ನಡುಗೋಡೆಯ ಮೇಲೆ ಚಿತ್ರ ಇರಲಿಲ್ಲ. ಅಲ್ಲಿ ಒಂದು ಕೋಟು ಇತ್ತು. ಅಂದರೆ, ಚಿತ್ರಕ್ಕೆ ಕೋಟು ತೊಡಿಸಿತ್ತು. ಕಡುನೀಲಿ ಬಟ್ಟೆ ಚೌಕಟ್ಟನ್ನು ಅಂಗೈಯಂತೆ ಅಪ್ಪಿ ಹಿಡಿದಿತ್ತು. ಮೇಲೆ ಮಡಚಿದ ಕಾಲರ್, ಎದೆಯ ಮೇಲೊಂದು ಜೇಬು, ಜೇಬಿನಲ್ಲಿ ಮಡಿಸಿಟ್ಟ ಕರವಸ್ತ್ರ, ನಡುವೆ ಮೇಲಿಂದ ಕೆಳಗಿನವರೆಗೆ ಗುಂಡಿಗಳ ಸಾಲು. ಭುಜಗಳೆರಡೂ ಸಮ. ಹುಡುಕಿದರೂ ಒಂದು ಸುಕ್ಕಿಲ್ಲ. ಮದುವೆಯಾದಾಗಿನಿಂದ ನಾನು ಕಂಡ ಕೋಟುಗಳಲ್ಲೆಲ್ಲ ಅದರಷ್ಟು ಚೆಂದದ್ದು ಇನ್ನೊಂದಿಲ್ಲ.

ಕಾವಲುಗಾರನನ್ನು ಕೇಳಿದರೆ, “ಬೆಳಿಗ್ಗೆ ಇಬ್ರು ಹಿರಿಯರು ಬಂದಿದ್ರು. ಚಿತ್ರದಲ್ಲಿರೋರು ನಾವೇ, ಚಿತ್ರಕ್ಕೆ ಬಟ್ಟೆ ಬಂದಿದೆ ಅಂದ್ರು. ಮುಖ ನೋಡಿದ್ರೆ ಹೌದು, ಅವರೇ. ಬಿಟ್ಟೆ” ಎಂದ.

ಆ ಇಬ್ಬರು ಹಿರಿಯರು ಚಿತ್ರದ ಎದುರಿಗಿದ್ದ ಗ್ಯಾಲರಿಯ ಬೆಂಚಿನ ಮೇಲೇ ಕೂತಿದ್ದರು. ಮೊಣಕೈಗೆ ಮೊಣಕೈ ತಾಗಿತ್ತು.

“ಕಾಲರ್ ಹೇಗೆ ಕೂತಿದೆ ನೋಡು” ಎಂದರು ಭಾವ.

“ನಿನ್ನ ಹೊಲಿಗೆ ಅಣ್ಣ.”

“ಏ, ಕತ್ತರಿಸಿದ್ದು ಹಾಗಿತ್ತು ಕಣೋ.”

ನನ್ನ ಕಣ್ಣು ತುಂಬಿತು. ಬೀದಿ ಸುತ್ತಿ ಸುತ್ತಿ ಸವೆದ ನನ್ನ ಚಪ್ಪಲಿಗಳು ನೆನಪಾದವು.

ಮೇಡಂ ಮರಿಯ ಕೈ ಹಿಡಿದು ಒಬ್ಬ ದೊಡ್ಡ ಮನುಷ್ಯರ ಬಳಿ ಕರೆದೊಯ್ದರು. ಅವರು ಇದನ್ನು ಕೊಳ್ಳುತ್ತಾರಂತೆ. ಒಂದೇ ಷರತ್ತು, ಗುಂಡಿ ಎಂದೂ ಬಿಚ್ಚಬಾರದು.

“ಒಳಗಿರೋ ಚಿತ್ರ ನೋಡಿದ್ದೀರಾ ಸರ್?” ಎಂದಳು ಮರಿ.

“ಇಲ್ಲ. ನೋಡೋದೂ ಬೇಡ. ನೋಡಿದ್ರೆ ಅರ್ಥ ಕೆಡುತ್ತೆ.”

ವಿಮರ್ಶಕರೂ ಅಲ್ಲೇ ಇದ್ದರು. ಮುಚ್ಚುವುದೇ ತೋರಿಸುವುದು ಎಂದೋ ಏನೋ ಹೇಳುತ್ತಿದ್ದರು. ಈ ಸಲ ನನ್ನ ಮೈ ಜುಮ್ಮೆನ್ನಲಿಲ್ಲ.

ಮರಿ ಮೇಡಂ ಅವರನ್ನು ಪಕ್ಕಕ್ಕೆ ಕರೆದು ನಿಜ ಹೇಳಿದಳು. ಅದು ತನ್ನ ಕೆಲಸವಲ್ಲ, ಅಪ್ಪ ದೊಡ್ಡಪ್ಪ ಚಿತ್ರ ಮುಚ್ಚಲು ಮಾಡಿದ್ದು ಎಂದು. ಮೇಡಂ ದನಿ ತಗ್ಗಿಸಿದರು. “ಅದನ್ನ ಯಾರಿಗೂ ಹೇಳೋ ಅಗತ್ಯ ಇಲ್ಲ. ಮೊದಲ ಪ್ರದರ್ಶನದಲ್ಲೇ ಇಂಥ ಯೋಗ ಯಾರಿಗೆ ಬರುತ್ತೆ ಹೇಳು? ಈಗ ಗುಂಡಿ ಬಿಚ್ಚಿದ್ರೆ, ನೋಡು, ಮುಂದಿನ ವರ್ಷದ ಮಾತನ್ನ ನಾನು ಆಡಿಲ್ಲ, ನೀನು ಕೇಳಿಲ್ಲ.”

ಮರಿ ನನ್ನ ಕಡೆ ನೋಡಿದಳು. ನಾನು ಏನು ಹೇಳಲಿ? ಬೆಂಚಿನ ಮೇಲೆ ಆ ಇಬ್ಬರು ನಗುತ್ತಿದ್ದರು. ಗುಂಡಿ ಬಿಚ್ಚಿದರೆ ಆ ನಗು ಉಳಿಯುತ್ತದೆ ಎಂದು ನಂಬುವ ಧೈರ್ಯ ನನಗಿರಲಿಲ್ಲ. ಮುಚ್ಚಿದ್ದರೆ ಮನೆ ಒಂದಾಗುತ್ತದೆ, ಮಗಳು ಮೇಲೆ ಬರುತ್ತಾಳೆ, ಎಲ್ಲರಿಗೂ ಒಳ್ಳೆಯದು. ಅವಳು ಬರೆದ ಚಿತ್ರವೊಂದನ್ನು ಬಿಟ್ಟು. ಹೆತ್ತವಳ ಬಾಯಿಂದ ‘ಇರ್ಲಿ ಬಿಡೇ’ ಎಂಬ ಮಾತು ಹೊರಡುವುದರಲ್ಲಿತ್ತು.

ಅವಳು ಕಾಯಲಿಲ್ಲ. ಬೆಂಚಿನ ಹತ್ತಿರ ಹೋಗಿ ನಿಂತಳು.

“ಅಪ್ಪ, ದೊಡ್ಡಪ್ಪ, ನಾನು ಅದನ್ನ ತೆಗೀಲಾ? ಕೇಳ್ತಾ ಇದ್ದೀನಿ.”

“ಬೇಡ” ಎಂದರು ಇವರು.

“ಆದ್ರೂ ತೆಗೀತೀನಿ.”

“ಮತ್ಯಾವ ಸಂಪತ್ತಿಗೆ ಕೇಳಿದ್ದು?”

“ಕೇಳಬೇಕಿತ್ತು ಅಂದೆಯಲ್ಲ.”

ಭಾವ ಗೊಳ್ಳೆಂದು ನಕ್ಕುಬಿಟ್ಟರು. “ತಮ್ಮಾ, ಇದು ನಿನ್ನ ಕತ್ತರಿಗೇ ಹುಟ್ಟಿದ್ದು ಕಣೋ.” ಇವರು ನಗಲಿಲ್ಲ. ತಲೆ ತಗ್ಗಿಸಿ ತಮ್ಮ ಕೈಗಳನ್ನು ನೋಡಿಕೊಂಡರು.

ಅವಳು ಗುಂಡಿಗೆ ಕೈ ಹಾಕಿದಳು. ಬರಲಿಲ್ಲ. ಕಾಜ ಅಷ್ಟು ಬಿಗಿ. ಒಂದು ಗುಂಡಿಯ ಜೊತೆ ಹೆಣಗಿ, ತಿರುಗದೆಯೇ ಹೇಳಿದಳು: “ಅಮ್ಮಾ, ಈ ಕಾಜ ನಿಂದು.”

ಜನರೆಲ್ಲ ನನ್ನ ಕಡೆ ತಿರುಗಿದರು. ಹೋಗದೆ ವಿಧಿ ಇರಲಿಲ್ಲ. ಅವಳು ಕೆಳಗಿನಿಂದ, ನಾನು ಮೇಲಿನಿಂದ ಬಿಚ್ಚುತ್ತ ಬಂದೆವು. ಹಿಂದಿನಿಂದ ಭಾವನ ದನಿ: “ಎಳೀಬೇಡ್ರೇ, ಹೆಬ್ಬೆರಳಲ್ಲಿ ಒತ್ತಿ. ಕಾಜ ಹರಿಯುತ್ತೆ.”

ಗವಸು ಜಾರಿತು. ದೊಡ್ಡ ಮನುಷ್ಯರು ಒಳಗಿನದು ಕಣ್ಣಿಗೆ ಬೀಳದಂತೆ ಮುಖ ತಿರುಗಿಸಿಕೊಂಡು ಹೊರಟುಹೋದರು. ಮೇಡಂ ಅವರ ಹಿಂದೆಯೇ ಹೋದರು. ಉಳಿದವರು ಒಮ್ಮೆ ಕ್ಯಾನ್ವಾಸಿನ ಮೇಲಿನ ಇಬ್ಬರನ್ನೂ ಒಮ್ಮೆ ಬೆಂಚಿನ ಮೇಲಿನ ಇಬ್ಬರನ್ನೂ ನೋಡತೊಡಗಿದರು. ಈ ಸಲ ಯಾರೂ ಪಕ್ಕಕ್ಕೆ ಸರಿಯಿರಿ ಎನ್ನಲಿಲ್ಲ.

ಇವರು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಅಣ್ಣ, ನಿನ್ನ ಭುಜ ಬಿದ್ದೇ ಇದೆ” ಎಂದರು.

“ನಿನ್ನ ಸುಕ್ಕು ಹೋಗಿಬಿಟ್ಟಿದೆಯೋ?”

“ಅವತ್ತಿನ ಆ ತೋಳು ಇದೆಯಲ್ಲ, ಮದುವೆ ಕೋಟಿಂದು…”

“ಮುಚ್ಚೋ ಬಾಯಿ, ಅದು ನೀನು ಕತ್ತರಿಸಿದ್ದೇ ಗಿಡ್ಡ.”

“ನೀನು ನುಂಗಿದ್ದು!”

ದನಿ ಏರಿತು. ಕಾವಲುಗಾರ ಬಂದು, ಇಲ್ಲಿ ಗಲಾಟೆ ಮಾಡಬಾರದು, ಹೊರಗೆ ನಡೆಯಿರಿ ಎಂದ. ಅವರು ಬೀದಿಯುದ್ದಕ್ಕೂ, ಬಸ್ಸಿನಲ್ಲೂ, ಮನೆಯ ಮೆಟ್ಟಿಲ ಮೇಲೂ ಜಗಳವಾಡಿದರು. ಮಾತು ಬಿಟ್ಟವರು ಕಡೆಗೂ ಬಾಯಿ ತೆರೆದು ಜಗಳವಾಡುತ್ತಿದ್ದರೆ ಕೇಳಲು ಎಷ್ಟು ಹಿತ.

ಪ್ಲೈವುಡ್ ಗೋಡೆ ಈಗಲೂ ಇದೆ. ತೆಗೆದರೆ ಸೋತಂತೆ ಎಂದು ಇಬ್ಬರಿಗೂ ಅನಿಸುತ್ತದಂತೆ. ಅದರ ನಡುವೆ ಇಬ್ಬರೂ ಸೇರಿ ಒಂದು ಕಿಂಡಿ ಕೊರೆದಿದ್ದಾರೆ. ಕತ್ತರಿಸಿದ ಬಟ್ಟೆ ಈ ಕಡೆಯಿಂದ ಹೋಗುತ್ತದೆ, ಹೊಲಿದದ್ದು ಆ ಕಡೆಯಿಂದ ಬರುತ್ತದೆ, ಬೈಗುಳ ಎರಡೂ ಕಡೆಯಿಂದ. ಕಿಂಡಿ ಒಂದು ಬದಿಯಲ್ಲಿ ಗಿಡ್ಡವಾಗಿದೆ. ಯಾರ ತಪ್ಪೆಂದು ಇನ್ನೂ ತೀರ್ಮಾನವಾಗಿಲ್ಲ.

ಮೇಡಂ ಮತ್ತೆ ಫೋನ್ ಮಾಡಲಿಲ್ಲ. ಮರಿ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತ, ಉಳಿದ ಹೊತ್ತು ಬರೆಯುತ್ತಾಳೆ. ಮಾರಾಟವಾಗದ ಚಿತ್ರ ನಮ್ಮ ನಡುಮನೆಯಲ್ಲಿದೆ. ನೆಂಟರು ಬಂದರೆ ಇವರು ಗವಸು ತೊಡಿಸುತ್ತಾರೆ. ಚಹಾ ತರುವ ನೆಪದಲ್ಲಿ ಮರಿ ಬಂದು ಬಿಚ್ಚುತ್ತಾಳೆ. ಕಾಜಗಳು ಈಗ ಸಡಿಲವಾಗಿವೆ.

ಹೋದ ಭಾನುವಾರ ನಾನು ಬಟ್ಟೆ ಒಣಗಿಸಲು ಮೇಲೆ ಹೋದಾಗ ಅವಳು ಹೊಸ ಕ್ಯಾನ್ವಾಸಿನ ಮುಂದೆ ನಿಂತಿದ್ದಳು.

“ಅಮ್ಮಾ, ನೀನು ಕೂತ್ಕೋತೀಯಾ? ಕೇಳ್ತಾ ಇದ್ದೀನಿ.”

“ಯಾರ ಪಕ್ಕ?”

“ಯಾರೂ ಇಲ್ಲ. ಪೂರ್ತಿ ಬೆಂಚು ನಿಂದೇ.”

“ಬೇಡ ಅಂದ್ರೆ?”

ಅವಳು ಕುಂಚ ಕೆಳಗಿಟ್ಟಳು. “ಬೇಡ ಅಂದ್ರೆ ಬೇಡ.”

ಅಪ್ಪನಿಗೆ ಸಿಗದ ಉತ್ತರ ಅದು. ನಾನು ಬಕೆಟ್ಟನ್ನು ಬಾಗಿಲ ಹತ್ತಿರ ಇಟ್ಟು ಬೆಂಚನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಉದ್ದ ಚೆನ್ನಾಗಿತ್ತು.

“ಕೂರಲೇಬೇಕಾ? ಮಲಗಿದ್ರೆ ಆಗಲ್ವಾ?”

ಚಿತ್ರ ಚೆನ್ನಾಗಿ ಬರುತ್ತಿದೆ ಎಂದು ಭಾವ ಹೇಳುತ್ತಾರೆ. ಸೀರೆಯ ಅಂಚಿನ ಹೊಲಿಗೆ ಬಿಟ್ಟಿರುವುದನ್ನೂ ಬರೆದಿದ್ದಾಳೆ ಎಂದು ಇವರಿಗೆ ಕೋಪ. ನಾನಿನ್ನೂ ನೋಡಿಲ್ಲ. ಅವಳು ಬರೆಯುವಷ್ಟು ಹೊತ್ತೂ ನನಗೆ ನಿದ್ದೆ.